ಹೆಣ್ಣಾಳು ಗಂಡಾಳು: ಕೂಲಿ ಒಂದೇ ಇರಲಿ



ಇವತ್ತು ನಾವು ಕೂಲಿಯ ಮಾತು ಆಡೋಣ.

ನಮ್ಮ ಹಳ್ಳಿಗಳಲ್ಲಿ ಎರಡು ಮಾತು ಇವೆ. ಒಂದು ಗಂಡಾಳು. ಇನ್ನೊಂದು ಹೆಣ್ಣಾಳು. ಗಂಡಾಳಿಗೆ ಒಂದು ಕೂಲಿ. ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಕೂಲಿ. ಇದನ್ನು ಯಾರು ಗೊತ್ತು ಮಾಡಿದರು? ಕೇಳಿದರೆ, “ಮೊದಲಿಂದ ಹೀಗೇ ಬಂದಿದೆ” ಅಂತಾರೆ.

“ಗಂಡಸರು ಭಾರದ ಕೆಲಸ ಮಾಡ್ತಾರೆ, ಅದಕ್ಕೇ ಜಾಸ್ತಿ” ಅಂತ ಕೆಲವರು ಹೇಳ್ತಾರೆ. ಹಾಗಾದರೆ ಇಡೀ ದಿನ ಕೆಸರಲ್ಲಿ ಬಗ್ಗಿ ನಾಟಿ ಹಾಕೋರು ಯಾರು? ಬಿಸಿಲಲ್ಲಿ ಕೂತು ಕಳೆ ಕೀಳೋರು ಯಾರು? ಕೆರೆ ಹೂಳು ತೆಗೆಯುವಾಗ ನೋಡಿ. ಗಂಡಸು ಮಣ್ಣು ಅಗೆಯುತ್ತಾನೆ. ಹೆಂಗಸು ಆ ಮಣ್ಣನ್ನು ತಲೆ ಮೇಲೆ ಹೊತ್ತು ದಡಕ್ಕೆ ಹಾಕುತ್ತಾಳೆ. ಅಗೆದ ಮಣ್ಣು ಮೇಲೆ ಬಾರದಿದ್ದರೆ ಕೆರೆ ಆಳ ಆಗುತ್ತದೆಯೇ?

ಈಗ ಒಂದು ಲೆಕ್ಕ ಮಾಡೋಣ. ದಿನಕ್ಕೆ ನಮಗೆ 100 ರೂಪಾಯಿ ಕಡಿಮೆ ಕೊಡ್ತಾರೆ ಅಂದುಕೊಳ್ಳಿ. ವರ್ಷಕ್ಕೆ 150 ದಿನ ಕೂಲಿಗೆ ಹೋದೆವು. 100ನ್ನು 150ರಿಂದ ಗುಣಿಸಿ. 15,000 ರೂಪಾಯಿ! ಒಂದೇ ವರ್ಷದಲ್ಲಿ ಇಷ್ಟು ದುಡ್ಡು ನಮ್ಮ ಕೈ ತಪ್ಪಿತು. ಇದು ಮಕ್ಕಳ ಓದಿನ ದುಡ್ಡು. ಮನೆಯ ಸಾಲ ತೀರಿಸುವ ದುಡ್ಡು.

ಕಾನೂನು ಏನು ಹೇಳುತ್ತದೆ?

ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ವೇತನ ಸಿಗಬೇಕು. ಸರ್ಕಾರ ಅದನ್ನೇ ಗುರಿಯಾಗಿ ಇಟ್ಟುಕೊಂಡು ನಡೆಯಬೇಕು ಎಂದು ನಮ್ಮ ಸಂವಿಧಾನದ 39ನೇ ವಿಧಿ ಹೇಳುತ್ತದೆ. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. 2019ರಲ್ಲಿ ವೇತನ ಸಂಹಿತೆ ಎಂಬ ಹೊಸ ಕಾನೂನು ಆಯಿತು. ಅದರಲ್ಲೂ ಇದೇ ಮಾತು ಇದೆ. ಒಂದೇ ಕೆಲಸ ಇರಲಿ, ಅದೇ ಬಗೆಯ ಕೆಲಸ ಇರಲಿ, ಹೆಣ್ಣು ಎಂಬ ಕಾರಣಕ್ಕೆ ಕೂಲಿ ಕಡಿಮೆ ಮಾಡಬಾರದು.

ಇನ್ನೊಂದು ಮಾತೂ ಇದೆ. ಇದನ್ನು ಮನೆಯ ಗಂಡಸರಿಗೂ ಹೇಳಿ. ಹೆಂಗಸರ ಕೂಲಿ ಸಮ ಮಾಡಬೇಕು ಅಂತ ಗಂಡಸರ ಕೂಲಿ ಇಳಿಸುವಂತಿಲ್ಲ. ಕಡಿಮೆ ಇರುವುದನ್ನೇ ಏರಿಸಬೇಕು. ಆದ್ದರಿಂದ ಅವರಿಗೆ ಇದರಲ್ಲಿ ನಷ್ಟ ಇಲ್ಲ. ಮನೆಗೆ ಬರುವ ದುಡ್ಡು ಹೆಚ್ಚುತ್ತದೆ.

ಸಮಾನ ಕೂಲಿ ಕೊಡೋಕೆ ಆಗುತ್ತದೆಯೇ? ಆಗುತ್ತದೆ. ಪಂಚಾಯಿತಿ ಕೆಲಸದಲ್ಲಿ ನಾವು ಅದನ್ನು ಕಂಡಿದ್ದೇವೆ. 2005ರಲ್ಲಿ ಉದ್ಯೋಗ ಖಾತರಿ ಕಾಯ್ದೆ ಆಯಿತು. 2006ರಲ್ಲಿ ಕೆಲಸ ಶುರುವಾಯಿತು. ನಮ್ಮ ರಾಜ್ಯದಲ್ಲಿ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಗೆ ಅದು ಮೊದಲು ಬಂತು. ಆ ಕೆಲಸದಲ್ಲಿ ಹೆಣ್ಣಾಳು ಗಂಡಾಳು ಎಂಬ ಎರಡು ದರ ಇರಲಿಲ್ಲ. 2025-26ರಲ್ಲಿ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ. ಗಂಡಸಿಗೂ 370. ಹೆಂಗಸಿಗೂ 370. 2025ರ ಕೊನೆಯಲ್ಲಿ ಸಂಸತ್ತು ಈ ಕಾಯ್ದೆಯ ಬದಲಿಗೆ 125 ದಿನಗಳ ಕೆಲಸದ ಹೊಸ ಕಾಯ್ದೆಯನ್ನು ಒಪ್ಪಿತು. ಯೋಜನೆಯ ಹೆಸರು ಬದಲಾಗುತ್ತದೆ. ದಿನಗಳ ಲೆಕ್ಕ ಬದಲಾಗುತ್ತದೆ. ನಾವು ಕೇಳುವ ಮಾತು ಬದಲಾಗಬಾರದು.

ಇದು ನಮ್ಮ ದೇಶದ ಹೆಂಗಸರ ಪಾಡು ಮಾತ್ರ ಅಲ್ಲ. ಅಮೆರಿಕದಲ್ಲಿ ಕೌಂಟಿ ಅಂತ ಇದೆ. ನಮ್ಮ ಜಿಲ್ಲೆ ಇದ್ದ ಹಾಗೆ. ಆರೆಗಾನ್ ರಾಜ್ಯದ ವಾಷಿಂಗ್ಟನ್ ಕೌಂಟಿಯ ಜೈಲಿನಲ್ಲಿ ಹೆಣ್ಣು ಕೈದಿಗಳನ್ನು ಕಾಯಲು ಹೆಂಗಸರಿದ್ದರು. ಗಂಡು ಕೈದಿಗಳನ್ನು ಕಾಯಲು ಗಂಡಸರಿದ್ದರು. ಹೆಂಗಸರ ಸಂಬಳ ಬಹಳ ಕಡಿಮೆ. ನಾಲ್ಕು ಮಂದಿ ಹೆಂಗಸರು ಕೋರ್ಟಿಗೆ ಹೋದರು. ಅವರು ಕೌಂಟಿಯ ಲೆಕ್ಕವನ್ನೇ ಮುಂದಿಟ್ಟರು. “ಗಂಡಸರ ಕೆಲಸದ ಬೆಲೆ 100 ಆದರೆ ನಮ್ಮ ಕೆಲಸದ ಬೆಲೆ 95 ಅಂತ ನೀವೇ ತೂಗಿದ್ದೀರಿ. ಕೊಡುತ್ತಿರುವುದು ಮಾತ್ರ 70. ಯಾಕೆ?” ಎಂಬುದು ಅವರ ಪ್ರಶ್ನೆ.

ಇಬ್ಬರ ಕೆಲಸವೂ ಒಂದೇ ಅಲ್ಲ ಎಂಬ ವಾದ ಬಂತು. 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಹೆಂಗಸರ ಪರ ನಿಂತರು. ಕೆಲಸ ಒಂದೇ ಅಲ್ಲ ಎಂಬುದಷ್ಟನ್ನೇ ಹಿಡಿದು ಅವರ ದೂರನ್ನು ತಳ್ಳಿಹಾಕುವಂತಿಲ್ಲ ಅಂದರು. ಕೇಳುವ ಹಕ್ಕು ಗಟ್ಟಿಯಾಯಿತು.

ನೋಡಿದಿರಾ? ಲೆಕ್ಕ ಕಚೇರಿಯಲ್ಲೇ ಇತ್ತು. ಹೆಂಗಸರು ಅದನ್ನು ಹಿಡಿದು ಕೇಳಿದರು. ನಾವೂ ಹಾಗೆ ಕೇಳಬೇಕು. ಅಕ್ಷರ ಕಲಿತದ್ದು ಇದಕ್ಕೇ.

ಹೆಬ್ಬೆಟ್ಟು ಒತ್ತುವಾಗ ಮೇಲೆ ಏನು ಬರೆದಿದೆ ಅಂತ ನಮಗೆ ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತಾಗುತ್ತದೆ. ರುಜು ಹಾಕುವ ಮುಂಚೆ ಮೂರು ಸಂಗತಿ ಓದೋಣ. ನಮ್ಮ ಹೆಸರು ಇದೆಯೇ? ಎಷ್ಟು ದಿನ ಬರೆದಿದ್ದಾರೆ? ಎಷ್ಟು ರೂಪಾಯಿ ಬರೆದಿದ್ದಾರೆ? ಪಕ್ಕದ ಗಂಡಾಳಿನ ಸಾಲನ್ನೂ ಓದೋಣ. ಕೂಲಿ ಬ್ಯಾಂಕಿಗೆ ಬರುವುದಾದರೆ ಖಾತೆ ನಮ್ಮ ಹೆಸರಲ್ಲೇ ಇರಲಿ. ಪಾಸ್‌ಬುಕ್ಕು ನಮ್ಮ ಕೈಯಲ್ಲೇ ಇರಲಿ.

ಹೊಲದ ಕೂಲಿಗೆ ಹಾಜರಿ ಪುಸ್ತಕ ಇರುವುದಿಲ್ಲ. ಆಗ ನಾವೇ ಒಂದು ಪುಸ್ತಕ ಇಡೋಣ. ತಾರೀಖು, ಕೆಲಸ, ಕೊಟ್ಟ ಕೂಲಿ ಬರೆಯೋಣ. ಒಬ್ಬಳೇ ಹೋಗಿ ಕೇಳಿದರೆ “ನಾಳೆಯಿಂದ ಬರಬೇಡ” ಅನ್ನಬಹುದು. ಆ ಭಯ ಸುಳ್ಳಲ್ಲ. ಅದಕ್ಕೇ ಓಣಿಯ ಹೆಂಗಸರೆಲ್ಲ ಕೂಡಿ ಕೇಳಬೇಕು. ನಾಟಿ ಶುರುವಾಗುವ ಮುಂಚೆಯೇ ಕೂಲಿ ಮಾತಾಡಿಕೊಳ್ಳಬೇಕು. ಮಾತಿಗೆ ಬಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯಬೇಕು.

ಗ್ರಾಮಸಭೆಗೂ ಹೋಗೋಣ. 1987ರ ಚುನಾವಣೆಯಲ್ಲಿ ನಮ್ಮ ರಾಜ್ಯದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. 1993ರ ಕಾಯ್ದೆಯಲ್ಲಿ ಅದು ಮೂರರಲ್ಲಿ ಒಂದು ಆಯಿತು. 2010ರಲ್ಲಿ ಅರ್ಧ ಆಯಿತು. ಅಲ್ಲಿ ಕೂತಿರುವವರು ನಮ್ಮ ಹಾಗೇ ದುಡಿದ ಹೆಂಗಸರು. “ನಮ್ಮೂರಲ್ಲಿ ಕೂಲಿ ಯಾಕೆ ಎರಡು ಥರ?” ಅಂತ ಅವರ ಮುಂದೆ ಕೇಳೋಣ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸೋಣ. ಬರೆದ ಮೇಲೆ ಒಮ್ಮೆ ಓದಿ ನೋಡೋಣ.

ನಾಳೆ ಕೂಲಿಗೆ ಹೋಗುವಾಗ ಬಲಗೈಯಲ್ಲಿ ಕುಡುಗೋಲು ಇರಲಿ. ಸೆರಗಿನ ಗಂಟಲ್ಲಿ ಒಂದು ಪೆನ್ನೂ ಇರಲಿ.