ಹಳೇ ಕಂಪ್ಯೂಟರಿಗೆ ದೊಡ್ಡ ಫೈಲು ದಾಟಿಸುವುದು ಹೇಗೆ?



ನಮ್ಮ ಸದಸ್ಯೆಯೊಬ್ಬರು ಇಲ್ಲೇ ಪುಣೆಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ನಡೆಸುತ್ತಾರೆ. ಅವರ ಮಶೀನಿಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿ ಇದೆ. "ಹೊಸದು ತಗೊಳ್ಳಿ" ಅನ್ನುವುದು ಸುಲಭ. ಆದರೆ ಮಶೀನಿನ ಸಾಫ್ಟ್‌ವೇರ್ ಹೊಸ ವಿಂಡೋಸಿನಲ್ಲಿ ಓಡುವುದಿಲ್ಲ, ಮಶೀನನ್ನೇ ಬದಲಿಸಲು ಲಕ್ಷಗಟ್ಟಲೆ ಬೇಕು. ಗಣೇಶೋತ್ಸವದ ಹಿಂದಿನ ವಾರ ಆ ಕಂಪ್ಯೂಟರ್ ಕೈಕೊಟ್ಟರೆ ವರ್ಷದ ದೊಡ್ಡ ಸಂಪಾದನೆಯೇ ಹೋದಂತೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿಯಿತು. ಹಾಗಾಗಿ ಅದಕ್ಕೆ ಇಂಟರ್ನೆಟ್ ಕೊಡಬೇಡಿ ಅಂತ ಹೇಳಿದೆ. ಪೆನ್‌ಡ್ರೈವೂ ಬೇಡ ಅಂದೆ. ಗಿರಾಕಿಗಳ ಪೆನ್‌ಡ್ರೈವ್ ಹತ್ತು ಕಡೆ ತಿರುಗಿ ಬಂದಿರುತ್ತದೆ, ವೈರಸ್ ತರುತ್ತದೆ, ಇಲ್ಲಿಂದ ಒಯ್ಯುತ್ತದೆ ಕೂಡ. ಡಿವಿಡಿ-ಆರ್ ಹಾಗಲ್ಲ. ಒಮ್ಮೆ ಬರೆದು ಕ್ಲೋಸ್ ಮಾಡಿದರೆ ಅದಕ್ಕೆ ಮತ್ತೇನನ್ನೂ ಸೇರಿಸಲಾಗದು. ಬರೆಯುವ ಮುಂಚೆ ಹೊಸ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡುವುದನ್ನು ಮಾತ್ರ ಬಿಡಬೇಡಿ.

ತೊಡಕಿರುವುದು ಗಾತ್ರದಲ್ಲಿ. ಡಿವಿಡಿ ಮೇಲೆ 4.7 ಜಿಬಿ ಅಂತ ಅಚ್ಚಾಗಿರುತ್ತದೆ, ವಿಂಡೋಸ್ ಲೆಕ್ಕದಲ್ಲಿ ಅದು ಸುಮಾರು 4.37. ಬ್ಯಾನರಿನ ಫೈಲು 6 ಜಿಬಿ ಇದ್ದರೆ? ಸೆವೆನ್-ಜಿಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ 1 ಜಿಬಿಯ ತುಂಡು ಮಾಡಿ. ಒಂದು ಡಿಸ್ಕಿಗೆ ನಾಲ್ಕು ತುಂಡು, ಎರಡು ಡಿಸ್ಕಿನಲ್ಲಿ ಮುಗಿಯಿತು. ಹಳೇ ಕಂಪ್ಯೂಟರಿನಲ್ಲಿ ಎಲ್ಲ ತುಂಡನ್ನೂ ಒಂದೇ ಫೋಲ್ಡರಿಗೆ ಕಾಪಿ ಮಾಡಿ ಮೊದಲನೆಯದನ್ನು ತೆರೆದರೆ ಅದೇ ಜೋಡಿಸಿಕೊಳ್ಳುತ್ತದೆ, ಕೆಟ್ಟಿದ್ದರೆ ಹೇಳುತ್ತದೆ. ಆದರೆ ಆ ಹಾರ್ಡ್ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಕೂರುವುದೇ ಇಲ್ಲ, ಎನ್‌ಟಿಎಫ್‌ಎಸ್ ಇರಬೇಕು. ಇದನ್ನು ಮೊದಲೇ ನೋಡಿಕೊಳ್ಳಿ. ಡ್ರೈವ್ ಬರೀ ಸಿಡಿ ಓದುವಂಥದ್ದಾದರೆ 650 ಎಂಬಿ ತುಂಡು, ಹತ್ತು ಸಿಡಿ! ಅಷ್ಟಾದರೆ ಡಿವಿಡಿ ಡ್ರೈವನ್ನೇ ಹಾಕಿಸುವುದು ವಾಸಿ.

ಬರೆಯುವಾಗ ವಿಂಡೋಸ್ ಎರಡು ಬಗೆ ಕೇಳುತ್ತದೆ. ಪೆನ್‌ಡ್ರೈವಿನಂತೆ ಎಂಬುದನ್ನು ಬಿಟ್ಟು ಸಿಡಿ-ಡಿವಿಡಿ ಪ್ಲೇಯರಿಗೆ ಎಂಬುದನ್ನೇ ಆರಿಸಿ. ಅವಸರ ಬೇಡ, ವೇಗ ಸ್ವಲ್ಪ ಕಡಿಮೆ ಇಡಿ. ಫೈಲಿನ ಹೆಸರು ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡಾಭಿಮಾನವನ್ನು ಬ್ಯಾನರಿನಲ್ಲಿ ತೋರಿಸೋಣ!

ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಡ್ರೈವ್ ಇರುವುದು ಅಪರೂಪ. ಯುಎಸ್‌ಬಿಗೆ ಜೋಡಿಸುವ ಬರ್ನರ್ ಸಿಗುತ್ತದೆ. ನನ್ನದನ್ನು ತಂದಿದ್ದೇನೆ, ಚಹಾ ಹೊತ್ತಿಗೆ ಬನ್ನಿ, ಒಂದು ಡಿಸ್ಕ್ ಬರೆದೇ ತೋರಿಸುತ್ತೇನೆ.