ಮಾಧ್ಯಮದ ಅಂಕಣ: ನವೋದಯ ಪ್ರವೇಶ ಪರೀಕ್ಷೆಗೆ ಗಡಿನಾಡಿನ ಮಕ್ಕಳ ಸಿದ್ಧತೆ

(ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಜವಾಹರ್ ನವೋದಯ ವಿದ್ಯಾಲಯದ ಆರನೆಯ ತರಗತಿಯ ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬುವಾಗ, ಮಗು ಯಾವ ಮಾಧ್ಯಮದಲ್ಲಿ ಪರೀಕ್ಷೆ ಬರೆಯುತ್ತದೆ ಎಂದು ಕೇಳುವ ಒಂದು ಅಂಕಣ ಬರುತ್ತದೆ. ಹೆಸರು, ಜನ್ಮದಿನಾಂಕ, ಶಾಲೆಯ ವಿಳಾಸ ಇವುಗಳ ನಡುವೆ ಅದು ಬಹಳ ಚಿಕ್ಕದಾಗಿ ಕಾಣುತ್ತದೆ. ಆದರೆ ಗಡಿಯಾಚೆಯ ಕನ್ನಡ ಶಾಲೆಯ ಮಗುವಿನ ಪಾಲಿಗೆ ಇಡೀ ಅರ್ಜಿಯಲ್ಲಿ ಅದಕ್ಕಿಂತ ಮಹತ್ವದ ಅಂಕಣ ಇನ್ನೊಂದಿಲ್ಲ. ಅರ್ಜಿಯನ್ನು ಅನೇಕ ಪಾಲಕರು ತುಂಬಿಸುವುದು ಪೇಟೆಯ ಸೈಬರ್ ಅಂಗಡಿಯಲ್ಲಿ. ಅಲ್ಲಿ ಕುಳಿತ ಹುಡುಗನು ರಾಜ್ಯದ ಭಾಷೆಯನ್ನೋ ಇಂಗ್ಲಿಷನ್ನೋ ಒತ್ತಿ ಮುಂದೆ ಸಾಗಿದರೆ, ಆದ ಪ್ರಮಾದವು ಮನೆಯವರಿಗೆ ತಿಳಿಯುವುದು ಪ್ರಶ್ನೆಪತ್ರಿಕೆ ಕೈಗೆ ಬಂದ ದಿನ. ಆ ಹೊತ್ತಿನಲ್ಲಿ ಮಾಧ್ಯಮವನ್ನು ಬದಲಿಸಲು ಬರುವುದಿಲ್ಲ. ಒಮ್ಮೆ ಈ ಪರೀಕ್ಷೆ ಬರೆದ ಮಗು ಆರನೆಯ ತರಗತಿಗಾಗಿ ಮತ್ತೊಮ್ಮೆ ಬರೆಯುವಂತೆಯೂ ಇಲ್ಲ.

1985–86ರಲ್ಲಿ ಆರಂಭವಾದ ಈ ವಿದ್ಯಾಲಯಗಳು ಜಿಲ್ಲೆಯನ್ನು ಘಟಕವಾಗಿ ಉಳ್ಳವು. ಒಂದು ವಿದ್ಯಾಲಯದ ಆರನೆಯ ತರಗತಿಗೆ ಹೆಚ್ಚೆಂದರೆ 80 ಮಕ್ಕಳು. ಅವರಲ್ಲಿ ಕನಿಷ್ಠ ಶೇಕಡಾ 75 ಮಂದಿ ಗ್ರಾಮೀಣ ಭಾಗದವರು. ಊಟ, ವಸತಿ, ಪುಸ್ತಕ ಉಚಿತ, ಅರ್ಜಿಗೆ ಶುಲ್ಕವಿಲ್ಲ. ಮಗು ಐದನೆಯ ತರಗತಿಯನ್ನು ಪೂರ್ತಿಯಾಗಿ ಅದೇ ಜಿಲ್ಲೆಯಲ್ಲಿ ಓದಬೇಕು. ಗ್ರಾಮೀಣ ಪಾಲಿನಲ್ಲಿ ಸ್ಥಾನ ಬೇಕಾದರೆ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲಿಯೇ ಓದಿರಬೇಕು. ಕಾಸರಗೋಡಿನ ಮಕ್ಕಳಿಗೆ ಪೆರಿಯ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ ಜಿಲ್ಲೆಯ ಪೋಖರಾಪುರ, ಜತ್ತದವರಿಗೆ ಸಾಂಗಲಿ ಜಿಲ್ಲೆಯ ಪಲೂಸ, ಆದೋನಿಯವರಿಗೆ ಎಮ್ಮಿಗನೂರಿನ ಬಳಿಯ ಬನವಾಸಿ, ಮಡಕಶಿರದ ಕಡೆಯವರಿಗೆ ಲೇಪಾಕ್ಷಿ. ತಮಿಳುನಾಡಿನಲ್ಲಿ ಈ ವಿದ್ಯಾಲಯಗಳು ತೆರೆದಿಲ್ಲವಾದ್ದರಿಂದ ಹೊಸೂರು, ತಾಳವಾಡಿಗಳ ಮಕ್ಕಳಿಗೆ ಈ ದಾರಿಯೇ ಇಲ್ಲ. ಆ ಭಾಗದ ಶಿಕ್ಷಕರು ಮುಂದಿನ ಮಾತುಗಳಲ್ಲಿ ಓದುವಿಕೆಗೆ ಸಂಬಂಧಿಸಿದವನ್ನು ಮಾತ್ರ ಸ್ವೀಕರಿಸಿದರೆ ಸಾಕು.

ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆಗಳು, 100 ಅಂಕಗಳು. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ. ಅಂಕಗಣಿತಕ್ಕೆ 20 ಪ್ರಶ್ನೆ, 25 ಅಂಕ. ಭಾಷೆಗೂ ಅಷ್ಟೇ: ನಾಲ್ಕು ಗದ್ಯಾಂಶಗಳು, ಪ್ರತಿಯೊಂದಕ್ಕೂ ಐದು ಪ್ರಶ್ನೆಗಳು. ಇಲ್ಲಿ ಭಾಷೆಯೆಂದರೆ ಅರ್ಜಿಯಲ್ಲಿ ಆಯ್ದ ಮಾಧ್ಯಮವೇ. ಕೇರಳ, ಮಹಾರಾಷ್ಟ್ರ, ಆಂಧ್ರಪ್ರದೇಶಗಳಲ್ಲಿ ಪರೀಕ್ಷೆಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೂ, ರಾಜ್ಯದ ಭಾಷೆಯಲ್ಲಿ ಬರೆದರೆ ಮಗುವಿಗೆ ಅನುಕೂಲವೆಂಬ ನಂಬಿಕೆ ಪಾಲಕರಲ್ಲಿ ಬೇರೂರಿದೆ. ಕೆಲವು ಶಿಕ್ಷಕರಲ್ಲಿಯೂ ಇದೆ. ಸಂತೆಯಲ್ಲಿ ಮರಾಠಿಯನ್ನೋ ತೆಲುಗನ್ನೋ ಸರಾಗವಾಗಿ ಆಡುವ ಮಗು ಆ ಭಾಷೆಯ ಗದ್ಯಾಂಶವನ್ನು ಒಂದೂವರೆ ನಿಮಿಷಕ್ಕೊಂದು ಉತ್ತರದಂತೆ ಓದಿ ಮುಗಿಸಬಲ್ಲದೆಂದು ಭಾವಿಸುವುದು ತಪ್ಪು. ಆಡುವ ಭಾಷೆ ಬೇರೆ, ಓದಿ ಲೆಕ್ಕ ಬಿಡಿಸಿದ ಭಾಷೆ ಬೇರೆ. ಐದು ವರ್ಷ ಕನ್ನಡದಲ್ಲಿ ಕಲಿತ ಮಗುವಿಗೆ ಬೇರೆ ಮಾಧ್ಯಮವನ್ನು ಗುರುತಿಸಿದರೆ ಭಾಷೆಯ 25 ಅಂಕಗಳ ಜೊತೆಗೆ ಅಂಕಗಣಿತದ 25 ಅಂಕಗಳೂ ಅಪಾಯಕ್ಕೆ ಸಿಲುಕುತ್ತವೆ.

ಅಂಕಗಣಿತ ಹೇಗೆ ಸಿಲುಕುತ್ತದೆ ಎಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. ‘ಒಂದು ತೊಟ್ಟಿಯ ಐದರಲ್ಲಿ ಮೂರು ಭಾಗ ನೀರು ತುಂಬಿದೆ. ಇನ್ನೂ 40 ಲೀಟರ್ ಸುರಿದರೆ ತೊಟ್ಟಿ ತುಂಬುತ್ತದೆ. ತೊಟ್ಟಿಯ ಸಾಮರ್ಥ್ಯವೆಷ್ಟು?’ ಅನೇಕ ಮಕ್ಕಳು 40ರ ಐದರಲ್ಲಿ ಮೂರು ಭಾಗವನ್ನು ತೆಗೆದು 24 ಎಂದು ಗುರುತಿಸುತ್ತಾರೆ. ಗುಣಾಕಾರ, ಭಾಗಾಕಾರಗಳಲ್ಲಿ ಅವರು ತಪ್ಪಿಲ್ಲ. ‘ಇನ್ನೂ’ ಎಂಬ ಒಂದು ಪದವನ್ನು ಓದದೆ ದಾಟಿದ್ದಾರೆ. ಆ ಪದ ಅರ್ಥವಾದ ಮಗುವಿಗೆ 40 ಲೀಟರ್ ಎಂಬುದು ಉಳಿದ ಎರಡು ಭಾಗವೆಂದು ಹೊಳೆಯುತ್ತದೆ. ಒಂದು ಭಾಗ 20, ಒಟ್ಟು 100 ಲೀಟರ್. ಇಂಥ ತಪ್ಪಿಗೆ ಇನ್ನಷ್ಟು ಮಗ್ಗಿ ಬಾಯಿಪಾಠ ಮಾಡಿಸುವುದು ಪರಿಹಾರವಲ್ಲ. ಲೆಕ್ಕವನ್ನು ಬಿಡಿಸುವ ಮೊದಲು ಅದನ್ನು ತನ್ನ ಮಾತಿನಲ್ಲಿ ಹೇಳಿಸುವುದೇ ಪರಿಹಾರ.

ಕನ್ನಡವನ್ನೇ ಆಯ್ದ ಮೇಲೂ ಒಂದು ತೊಡಕು ಉಳಿಯುತ್ತದೆ. ಪ್ರಶ್ನೆಪತ್ರಿಕೆಯ ಪಾರಿಭಾಷಿಕ ಪದಗಳು ಕರ್ನಾಟಕದ ಪಠ್ಯಪುಸ್ತಕಗಳ ಬಳಕೆಗೆ ಹತ್ತಿರವಾದವು. ಗಡಿನಾಡಿನ ಮಗುವಿನ ಕಿವಿಗೆ ಬಿದ್ದ ಪದಗಳಾದರೋ ನೆರೆಭಾಷೆಯವು. ಮರಾಠಿಯ ನೆರೆಯಲ್ಲಿ ಬೆಳೆದ ಮಗು ‘ಅಪೂರ್ಣಾಂಕ’, ‘ಕ್ಷೇತ್ರಫಳ’, ‘ಪರಿಮಿತಿ’ ಎಂದು ಕೇಳಿರುತ್ತದೆ. ‘ಭಿನ್ನರಾಶಿ’, ‘ವಿಸ್ತೀರ್ಣ’, ‘ಸುತ್ತಳತೆ’ ಎಂದು ಅಚ್ಚಾದದ್ದನ್ನು ಕಂಡಾಗ ತಡವರಿಸುತ್ತದೆ. ಮಲಯಾಳಂನ ‘ಚುಟ್ಟಳವು’ ನಮ್ಮ ‘ಸುತ್ತಳತೆ’ಯ ದಾಯಾದಿಯೇ ಆದುದರಿಂದ ಕಾಸರಗೋಡಿನಲ್ಲಿ ಅದು ತೊಂದರೆ ಕೊಡದು. ತೆಲುಗಿನ ‘ಸಗಟು’ ಮಾತ್ರ ವಿಚಿತ್ರವಾದುದು. ಅಲ್ಲಿ ಅದು ಸರಾಸರಿ. ಕನ್ನಡದಲ್ಲಿ ಸಗಟು ಎಂದರೆ ಚಿಲ್ಲರೆಯಲ್ಲದ ದೊಡ್ಡ ವ್ಯಾಪಾರ. ಸಗಟು ವ್ಯಾಪಾರಿಯ ಲಾಭನಷ್ಟದ ಲೆಕ್ಕವೊಂದು ಬಂದರೆ ಆದೋನಿಯ ಮಗು ಸರಾಸರಿ ತೆಗೆಯಲು ಹೊರಟೀತು! ತರಗತಿಯ ಗೋಡೆಯ ಮೇಲೆ ಇಂಥ ಜೋಡಿ ಪದಗಳ ಪಟ್ಟಿಯೊಂದನ್ನು ತೂಗುಹಾಕಿ, ಹೊಸ ಪದ ಎದುರಾದಂತೆ ಮಕ್ಕಳಿಂದಲೇ ಬರೆಸುತ್ತ ಹೋಗುವುದು ಒಳ್ಳೆಯದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ನಾಲ್ಕು, ಐದನೆಯ ತರಗತಿಗಳ ಗಣಿತ ಪುಸ್ತಕಗಳು ಉಚಿತವಾಗಿ ದೊರೆಯುತ್ತವೆ.

ಇನ್ನು ಗದ್ಯಾಂಶ. ‘ಆ ವರ್ಷ ಹಿಂಗಾರು ಮಳೆ ತಡವಾಯಿತು. ಬೀಜಕ್ಕೆಂದು ತೆಗೆದಿಟ್ಟಿದ್ದ ಜೋಳದಲ್ಲಿ ಅರ್ಧವನ್ನು ಭೀಮಪ್ಪನು ಬೀಸಿಸಿದನು. ಉಳಿದರ್ಧವನ್ನು ಮಡಕೆಯಲ್ಲಿ ತುಂಬಿ, ಬಾಯಿ ಮುಚ್ಚಿ ಅಟ್ಟದ ಮೇಲಿಟ್ಟನು.’ ಜೋಳವನ್ನು ಅಟ್ಟದ ಮೇಲಿಟ್ಟುದೇಕೆ ಎಂದು ಕೇಳಿದರೆ ಪದಗಳನ್ನು ಮಾತ್ರ ಹುಡುಕುವ ಮಗು ‘ಮಳೆ ತಡವಾದುದರಿಂದ’ ಎಂಬ ಆಯ್ಕೆಯನ್ನು ಹಿಡಿಯುತ್ತದೆ. ‘ಮಳೆ ಬಂದಾಗ ಬಿತ್ತಲು’ ಎಂಬ ಉತ್ತರ ಗದ್ಯದಲ್ಲಿ ಎಲ್ಲಿಯೂ ಅಚ್ಚಾಗಿಲ್ಲ, ಅದನ್ನು ಊಹಿಸಬೇಕು. ಪ್ರಶ್ನೆಗೆ ಸಾಲು ತೋರಿಸಿ ಅಡಿಗೆರೆ ಎಳೆಸುವ ಅಭ್ಯಾಸ ಈ ಊಹೆಯನ್ನು ಕೊಲ್ಲುತ್ತದೆ. ದಿನಕ್ಕೆ ಹತ್ತು ಸಾಲಿನ ಒಂದು ಗದ್ಯ, ಮೌನವಾಚನ, ಆಮೇಲೆ ಪಾಠದಲ್ಲಿ ನೇರವಾಗಿ ಉತ್ತರವಿಲ್ಲದ ಎರಡು ಪ್ರಶ್ನೆಗಳು: ಹದಿನೈದು ನಿಮಿಷದ ಕೆಲಸ. ಹಳೆಯ ದಿನಪತ್ರಿಕೆಯ ಮಕ್ಕಳ ಪುಟವೂ ಆದೀತು.

ಈ ಹದಿನೈದು ನಿಮಿಷ ಇಡೀ ತರಗತಿಗೆ ಸಲ್ಲಬೇಕು. ನಾಲ್ವರು ಚುರುಕು ಮಕ್ಕಳನ್ನು ಆರಿಸಿ ಸಂಜೆ ‘ನವೋದಯ ತಂಡ’ವೆಂದು ಕೂಡಿಸುವ ಪದ್ಧತಿ ಸರಿಯಲ್ಲ. ಆಯ್ಕೆಯಾಗುವುದು ಒಂದು ಮಗು ಅಥವಾ ಯಾರೂ ಇಲ್ಲ. ಓದಲು ಕಲಿತದ್ದು ಮಾತ್ರ ಉಳಿದ ಎಲ್ಲರ ಬಳಿ ಉಳಿಯುತ್ತದೆ. ಕೇರಳದಲ್ಲಿ ಕಿರಿಯ ಪ್ರಾಥಮಿಕ ಹಂತ ನಾಲ್ಕನೆಯ ತರಗತಿಗೆ ಮುಗಿಯುವುದರಿಂದ ಐದನೆಯ ತರಗತಿಯ ಶಿಕ್ಷಕರಿಗೆ ಮಕ್ಕಳು ಹೊಸಬರಾಗಿಯೇ ದೊರೆಯುತ್ತಾರೆ. ಅಲ್ಲಿ ಈ ಅಭ್ಯಾಸ ಮೂರನೆಯ ತರಗತಿಯಿಂದಲೇ ಸಾಗಿ ಬರಬೇಕು.

ಮಾನಸಿಕ ಸಾಮರ್ಥ್ಯದ ಭಾಗ ಚಿತ್ರಗಳದ್ದು. ಅರ್ಧದಷ್ಟು ಅಂಕ ಅದಕ್ಕಿದೆ, ಮಾಧ್ಯಮದ ಹಂಗು ಬಹುಮಟ್ಟಿಗೆ ಇಲ್ಲ. ಹಾಳೆಯನ್ನು ಎರಡು ಬಾರಿ ಮಡಿಸಿ ಒಂದು ತೂತು ಮಾಡಿದರೆ ಬಿಡಿಸಿದಾಗ ಎಷ್ಟು ಕಾಣುತ್ತವೆ ಎಂದು ಕೇಳಿ, ಕೈಯಿಂದ ಮಾಡಿಸಿ ನೋಡಬೇಕು. ಕನ್ನಡಿಯೊಂದು ಇದ್ದರೆ ಪ್ರತಿಬಿಂಬದ ಪಾಠ ತಾನೇ ಆಗುತ್ತದೆ. ಉತ್ತರಪತ್ರಿಕೆಯ ವೃತ್ತ ತುಂಬುವುದನ್ನೂ ಜೆರಾಕ್ಸ್ ಹಾಳೆಯ ಮೇಲೆ ರೂಢಿಸಬೇಕು; ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದ ಮಗು ಕೆಳಗಿನ ಎಲ್ಲ ಉತ್ತರಗಳನ್ನೂ ಒಂದು ಸಾಲು ಮೇಲಕ್ಕೆ ತುಂಬಿಬಿಡುವುದುಂಟು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಯಾವ ಸಾಲನ್ನೂ ಖಾಲಿ ಬಿಡಬೇಕಾಗಿಲ್ಲ.

ಶಿಕ್ಷಕರ ಮನಸ್ಸಿನಲ್ಲಿರುವ ಒಂದು ಸಂಶಯವನ್ನು ಮುಚ್ಚಿಡುವುದು ಸಲ್ಲದು. ಹದಿನೆಂಟು ಮಕ್ಕಳ ತರಗತಿಯಿಂದ ಒಂದು ಮಗು ಹೊರಟರೆ ಗಡಿನಾಡಿನ ಶಾಲೆಯ ಹಾಜರಿ ಪುಸ್ತಕಕ್ಕೆ ಅದು ಸಣ್ಣ ಪೆಟ್ಟಲ್ಲ. ಆ ವಿದ್ಯಾಲಯದಲ್ಲಿ ಪ್ರಾದೇಶಿಕ ಭಾಷೆಯೆಂದರೆ ಆ ರಾಜ್ಯದ್ದು. ಮೇಲಿನ ತರಗತಿಗಳಲ್ಲಿ ಗಣಿತ, ವಿಜ್ಞಾನಗಳು ಇಂಗ್ಲಿಷಿನಲ್ಲಿ. ಕನ್ನಡದ ಓದು ಅಲ್ಲಿಗೆ ನಿಲ್ಲಬಹುದು. ಇದನ್ನು ಪಾಲಕರಿಗೆ ಮೊದಲೇ ಹೇಳಬೇಕು, ರಜೆಯಲ್ಲಿ ಬಂದಾಗ ಮಗುವಿಗೆ ಕನ್ನಡ ಪುಸ್ತಕ ಕೊಡುವ ಹೊಣೆಯನ್ನು ಶಾಲೆ ಹೊರಬೇಕು. ಆದರೆ ಶಾಲೆಯ ಸಂಖ್ಯೆಗಾಗಿ ಅರ್ಜಿಯ ಸುದ್ದಿಯನ್ನೇ ಮನೆಗೆ ಮುಟ್ಟಿಸದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಅರ್ಜಿಗೆ ಮುಖ್ಯಶಿಕ್ಷಕರ ದೃಢೀಕರಣ ಬೇಕಾಗುತ್ತದೆ. ಪಾಲಕರು ಅದಕ್ಕಾಗಿ ಶಾಲೆಗೆ ಬಂದೇ ಬರುತ್ತಾರೆ. ಆ ದಿನ ಅವರನ್ನು ಕುಳ್ಳಿರಿಸಿ ಮಾಧ್ಯಮದ ವಿಷಯವನ್ನು ತಿಳಿಯಹೇಳಿ, ‘ಪರೀಕ್ಷೆಯ ಮಾಧ್ಯಮ: ಕನ್ನಡ’ ಎಂದು ಚೀಟಿಯಲ್ಲಿ ಬರೆದು ಕೈಗೆ ಕೊಡಬೇಕು. ಸೈಬರ್ ಅಂಗಡಿಯಿಂದ ಹಿಂದಿರುಗಿದ ಮೇಲೆ ಅರ್ಜಿಯ ಮುದ್ರಿತ ಪ್ರತಿಯನ್ನು ತರಿಸಿ, ಆ ಒಂದು ಅಂಕಣವನ್ನು ಅವರ ಎದುರಿನಲ್ಲಿಯೇ ಓದಿ ನೋಡಬೇಕು. ಅಂತಿಮ ದಿನಾಂಕಕ್ಕೆ ಮೊದಲು ಇದು ಆಗಬೇಕು.