ಮಗ್ಗುಲ ಮನೆಯ ಮಾಸ್ತರರು
(ಸಂಘದ ಸಂಸ್ಮರಣ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮಾಸ್ತರರು ತೀರಿಕೊಂಡು ಇಂದಿಗೆ ಒಂದು ತಿಂಗಳಾಯಿತು. ಅವರ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಆ ಯೋಗ್ಯತೆ ನನಗಿಲ್ಲವೆಂದೆ. ಅದು ವಿನಯದ ಮಾತಲ್ಲ. ಏಕೆಂಬುದನ್ನು ಕೊನೆಯಲ್ಲಿ ಅರಿಕೆ ಮಾಡುವೆನು. ಹೆಸರೆತ್ತಿ ಹೊಗಳುವುದು ಅವರಿಗೆ ಸೇರುತ್ತಿರಲಿಲ್ಲ. ಆದುದರಿಂದ ಚಾಳಿನಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಮಾಸ್ತರರು ಎಂದೇ ಕರೆಯುತ್ತೇನೆ.

ನಾನು ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದದ್ದು 1966ರಲ್ಲಿ. ಆಗ ನನಗೆ ಹನ್ನೆರಡು ವರುಷ. ಎರಡನೆಯ ತರಗತಿಯ ತನಕ ಓದಿದ್ದೆ. ಅದರಲ್ಲಿಯೂ ಮರೆತದ್ದೇ ಹೆಚ್ಚು. ಪರೇಲಿನ ಒಂದು ಚಾಳಿನಲ್ಲಿ ಸೋದರಮಾವನ ಖೋಲಿ. ಹತ್ತಿರದ ಹೊಟೇಲಿನಲ್ಲಿ ಕಪ್ಪುಬಸಿ ತೊಳೆಯುವ ಕೆಲಸ. ಮಗ್ಗುಲ ಖೋಲಿಯಲ್ಲಿದ್ದ ಮಾಸ್ತರರು ಧಾರವಾಡದ ಕಡೆಯವರು. ಹಗಲು ಒಂದು ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆ ಏಳರಿಂದ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ.

ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದದ್ದು 1998ರಲ್ಲಿ. ನಾನು ಹೇಳುವ ಕಾಲದಲ್ಲಿ ಊರಿಗೂ ನಮಗೂ ಇದ್ದ ನಂಟು ಅಂಚೆಯ ಕಾಗದವೊಂದೇ. ಒಂದು ರಾತ್ರಿ ಅವರ ಬಾಗಿಲಲ್ಲಿ ನಿಂತು, ಅಮ್ಮನಿಗೊಂದು ಕಾಗದ ಬರೆದುಕೊಡಿ ಎಂದು ಬೇಡಿದೆ. ಅವರು ಒಳಗೆ ಕರೆದು ಕೂಡಿಸಿ, ರೊಟ್ಟಿ, ಶೇಂಗಾ ಚಟ್ನಿ ಕೊಡಿಸಿ, “ನಾ ಬರದರ ಅದು ನನ್ನ ಪತ್ರ ಆಗ್ತದಪಾ. ನಿಮ್ಮವ್ವಗ ನೀನ ಬರೀಬೇಕು. ನಾಳಿಂದ ಸಾಲಿಗೆ ಬಾ” ಎಂದರು. ನನಗೆ ಅಳುವೇ ಬಂತು. ಎಂಥ ಕಲ್ಲುಮನಸ್ಸಿನವರು ಎಂದುಕೊಂಡೆ.

ಮರುದಿನ ಅವರೇ ಹೊಟೇಲಿಗೆ ಬಂದು ಧಣಿಗಳನ್ನು ಕಂಡು, ಸಂಜೆ ನನಗೆ ಬಿಡುವು ಕೊಡಿಸಿದರು. ಶಾಲೆಯ ತುಂಬ ನನ್ನಂಥವರೇ. ಹೊಟೇಲಿನ ಹುಡುಗರು, ಗಿರಣಿಯ ಕೂಲಿಗಳು. ಪಾಠದ ನಡುವೆ ಯಾರಾದರೂ ತೂಕಡಿಸಿದರೆ ಮಾಸ್ತರರು ಹೊಡೆಯುತ್ತಿರಲಿಲ್ಲ. ಮುಖ ತೊಳೆದು ಬಾ ಎಂದು ನಳಕ್ಕೆ ಕಳಿಸುತ್ತಿದ್ದರು. ಅವನು ಬರುವ ತನಕ ಮುಂದಿನ ಸಾಲು ಓದಿಸುತ್ತಿರಲಿಲ್ಲ.

ನನ್ನ ಬೆಂಚಿನಲ್ಲಿ ವಿಜಾಪುರದ ಹುಡುಗನೊಬ್ಬನಿದ್ದ. ನನ್ನ ಮಾತು ಅವನಿಗೆ ನಗೆ, ಅವನ ಮಾತು ನನಗೆ ನಗೆ. 1956ರ ನವೆಂಬರ್ 1ರ ತನಕ ಅವನ ಊರು ಮುಂಬಯಿ ರಾಜ್ಯದಲ್ಲಿತ್ತು, ನನ್ನ ಊರು ಮದ್ರಾಸ್ ರಾಜ್ಯದಲ್ಲಿತ್ತು. ನಾಡು ಒಂದಾಗಿ ಹತ್ತು ವರುಷವಾದ ಮೇಲೆ ನಾವಿಬ್ಬರು ಒಬ್ಬರನ್ನೊಬ್ಬರು ಕಂಡದ್ದು ಆ ಬೆಂಚಿನ ಮೇಲೆ. ಮಾಸ್ತರರು ಯಾರ ಮಾತನ್ನೂ ತಿದ್ದಲಿಲ್ಲ, ಬರವಣಿಗೆಯನ್ನು ಮಾತ್ರ ತಿದ್ದಿದರು. “ಎರಡೂ ಕನ್ನಡನ. ಬಾಯಾಗ ಅವ್ವನ ಮಾತಿರಲಿ, ಕೈಯಾಗ ಎಲ್ಲಾರ ಅಕ್ಷರ ಇರಲಿ” ಎನ್ನುತ್ತಿದ್ದರು.

ಐದು ತಿಂಗಳ ಮೇಲೆ ಅಮ್ಮನಿಗೆ ಮೊದಲ ಕಾಗದ ಬರೆದೆ. ‘ಕ್ಷೇಮ’ ಎಂಬಲ್ಲಿ ‘ಸೇಮ’ ಎಂದಿತ್ತು. ಪಾಟಿಯ ಮೇಲೆ ಒಂದು ಒತ್ತಕ್ಷರ ತಪ್ಪಿದರೆ ಹತ್ತು ಸಲ ಬರೆಸುವವರು, ಅದನ್ನು ಓದಿ, ಹಾಗೆಯೇ ಮಡಚಿ ಕೊಟ್ಟರು. ಅವ್ವನಿಗೆ ಬರೆದ ಕಾಗದಕ್ಕೆ ತಾವು ಕೆಂಪು ಶಾಯಿ ಹಚ್ಚುವುದಿಲ್ಲವೆಂದರು. ಅಮ್ಮನಿಗೆ ಓದು ಬಾರದು, ಅಂಚೆಯವನಿಂದ ಓದಿಸಿಕೊಂಡಳಂತೆ. ಅವಳು ತೀರಿಕೊಂಡ ಮೇಲೆ ಆ ಕಾಗದ ಅವಳ ಪೆಟ್ಟಿಗೆಯಲ್ಲಿ ಸಿಕ್ಕಿತು. ಬಿಚ್ಚಿ ಬಿಚ್ಚಿ, ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು.

ಅದೇ ಶಾಲೆಯಿಂದ ನಾನು 1975ರಲ್ಲಿ ಎಸ್.ಎಸ್.ಸಿ. ಪಾಸಾಗಿ ಗುಮಾಸ್ತನಾದೆ. 1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾದಾಗ ನಮ್ಮ ಚಾಳಿನ ಎಷ್ಟೋ ಮನೆಗಳಿಗೆ ಸಂಬಳ ನಿಂತಿತು. ಮಾಸ್ತರರು ಕಚೇರಿಗೆ ಹೊರಡುವ ಮುನ್ನ ಚಾಳಿನ ಮಕ್ಕಳನ್ನು ಪಾಠಕ್ಕೆಂದು ಕರೆಯತೊಡಗಿದರು. ಪಾಠಕ್ಕೆ ಮೊದಲು ಅಮ್ಮನವರು ಅವರಿಗೆಲ್ಲ ರೊಟ್ಟಿ ಬಡಿಸುತ್ತಿದ್ದರು. ಊಟಕ್ಕೆ ಕರೆದಿದ್ದರೆ ಮಾನವಂತರಾದ ತಾಯಿತಂದೆಗಳು ಮಕ್ಕಳನ್ನು ಕಳಿಸುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಮುಂದೆ ನಾನು ಡೊಂಬಿವಲಿಯಲ್ಲಿ ಮನೆ ಮಾಡಿದೆ. ಮುಂಬಯಿಯ ಇನ್ನೂ ಹಲವು ಕನ್ನಡ ರಾತ್ರಿ ಶಾಲೆಗಳಂತೆ ಮಾಸ್ತರರ ಶಾಲೆಯೂ ಮಕ್ಕಳಿಲ್ಲದೆ ಮುಚ್ಚಿತು. ಅವರು ಮಾತ್ರ ಪ್ರತಿ ರಾಜ್ಯೋತ್ಸವಕ್ಕೆ ಅಂಚೆ ಕಾರ್ಡು ಬರೆಯುತ್ತಿದ್ದರು. ಮೊದಮೊದಲು ಉತ್ತರ ಬರೆದೆ. ಆಮೇಲೆ ಫೋನು ಮಾಡಿದರಾಯಿತು ಎಂದುಕೊಂಡೆ. ಕೊನೆಗೆ ಅದನ್ನೂ ಮಾಡಲಿಲ್ಲ. ಕಳೆದ ನವೆಂಬರಿನ ಕಾರ್ಡಿನಲ್ಲಿ ಅಕ್ಷರಗಳು ನಡುಗಿದ್ದವು. “ಮೊಮ್ಮಗಳು ಕನ್ನಡ ಬರೆಯುತ್ತಾಳೆಯೆ? ಅವಳ ಕೈಯಿಂದ ಎರಡು ಸಾಲು ಬರೆಸಿ ಕಳುಹಿಸು” ಎಂದಿತ್ತು. ಅವಳಿಗೆ ಬಾರದು. ಬಾರದೆಂದು ತಿಳಿಸಲು ನಾಚಿ, ನಾನು ಸುಮ್ಮನಾದೆ. ಕಾಗದ ಬರೆಯಲು ನನಗೆ ಕಲಿಸಿದವರು ನನ್ನ ಕಾಗದಕ್ಕಾಗಿ ಕಾದು ಹೋದರು. ಯೋಗ್ಯತೆ ಇಲ್ಲವೆಂದುದು ಇದಕ್ಕೆ.

ಸುದ್ದಿ ಬಂದ ಮರುದಿನದಿಂದ ಮೊಮ್ಮಗಳನ್ನು ಮಗ್ಗುಲಲ್ಲಿ ಕೂಡಿಸಿಕೊಂಡು ಅ ಆ ಇ ಈ ಆರಂಭಿಸಿದ್ದೇನೆ. ಅಮ್ಮನವರು ಇಲ್ಲಿ ಮುಂದಿನ ಸಾಲಿನಲ್ಲಿಯೇ ಇದ್ದಾರೆ. ಅಮ್ಮಾ, ನಾಳೆ ನಿಮಗೊಂದು ಕಾರ್ಡು ಹಾಕುತ್ತೇವೆ. ಎರಡೇ ಸಾಲು, ಅದರಲ್ಲಿ ಮೂರು ತಪ್ಪುಗಳಿವೆ. ನಾನು ತಿದ್ದಿಲ್ಲ.

ಸಂಘದವರು ಭಾನುವಾರ ಒಂದು ಕೋಣೆ ಬಿಟ್ಟುಕೊಟ್ಟರೆ ಪಾಠಕ್ಕೆ ನಾನು ಬರುತ್ತೇನೆ. ನಿಮ್ಮ ಮಕ್ಕಳನ್ನು ದಯವಿಟ್ಟು ಕಳಿಸಿಕೊಡಿ.